ಆಡು, ಕುರಿ, ದನಗಳಿಗೆ ನಿದ್ದೆ ಸೂಜಿ: ಮಾಡಿಸುವ ಮುನ್ನ, ಮಾಡಿಸಿದ ಮೇಲೆ

"ಸರ, ಆಡಿಗೆ ನಿದ್ದಿ ಸೂಜಿ ಎಷ್ಟು ಎಂಎಲ್ ಮಾಡಬೇಕ್ರಿ?" ಆಳಂದ, ಚಿಂಚೋಳಿ, ಶಹಾಪುರ, ಭಾಲ್ಕಿ ಕಡೆಯ ಸಾಕಣೆದಾರರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಒಬ್ಬರಿಗೆ ಹೋತದ ಬೀಜ ಒಡೆಸಬೇಕಿರುತ್ತದೆ, ಇನ್ನೊಬ್ಬರಿಗೆ ಮರಿಯ ಕೋಡಿನ ಮೊಳಕೆ ಸುಡಿಸಬೇಕಿರುತ್ತದೆ, ಮತ್ತೊಬ್ಬರ ಆಕಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿರುತ್ತದೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಆಪರೇಷನ್ ಚಲೋ ಆತು, ಆದ್ರ ಆಡು ಏಳಲೇ ಇಲ್ಲ, ಯಾಕ?"

ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಸೂಜಿ ಮಾಡುವುದು ಡಾಕ್ಟರ ಕೆಲಸ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪ್ರಾಣಿಗಳಿಗೆ ವೈದ್ಯ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಕೆಟಮಿನ್‌ನಂಥ ಅರಿವು ತಪ್ಪಿಸುವ ಔಷಧಿ ಶೆಡ್ಯೂಲ್ ಎಕ್ಸ್ ಎಂಬ ಬಿಗಿ ನಿಯಮದ ಪಟ್ಟಿಯಲ್ಲಿರುವುದರಿಂದ ಚೀಟಿ ಇಲ್ಲದೆ ಅದನ್ನು ಮಾರುವುದೇ ಅಪರಾಧ. ಆದರೆ ಸೂಜಿಗೆ ಮುಂಚಿನ ಒಂದು ದಿನ, ಸೂಜಿಯ ನಂತರದ ಕೆಲವು ಗಂಟೆ ಪ್ರಾಣಿ ಇರುವುದು ನಿಮ್ಮ ಕೈಯಲ್ಲಿ. ಆಡು ಉಳಿಯುವುದು ಬಹುಪಾಲು ಆ ಹೊತ್ತಿನ ಎಚ್ಚರದ ಮೇಲೆ ನಿಂತಿದೆ. ಅದಕ್ಕಾಗಿ ಈ ಲೇಖನವನ್ನು ಸಾಕುವವರಿಗೇ ಬರೆದಿದ್ದೇನೆ.

ಮೊದಲು ಮೆಲುಕು ಹಾಕುವ ಹೊಟ್ಟೆಯ ವಿಚಾರ

ನಾಯಿಗೆ, ಮನುಷ್ಯರಿಗೆ ನಿದ್ದೆ ಬರಿಸುವುದಕ್ಕೂ ಆಡು, ಕುರಿ, ಆಕಳು, ಎಮ್ಮೆಗೆ ನಿದ್ದೆ ಬರಿಸುವುದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ. ಇವುಗಳ ಹೊಟ್ಟೆಯ ಮೊದಲ ಚೀಲವನ್ನು ರೂಮೆನ್ ಎನ್ನುತ್ತಾರೆ. ತಿಂದ ಮೇವೆಲ್ಲ ನೀರಿನೊಂದಿಗೆ ಅಲ್ಲಿ ಹುಳಿಯುತ್ತಿರುತ್ತದೆ, ಸದಾ ಗಾಳಿ ಹುಟ್ಟುತ್ತಿರುತ್ತದೆ. ದೊಡ್ಡ ಆಕಳಲ್ಲಿ ಈ ಚೀಲ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಎಚ್ಚರವಿರುವ ಪ್ರಾಣಿ ತೇಗಿ ಗಾಳಿ ಹೊರಹಾಕುತ್ತದೆ. ನಿದ್ದೆಗೆ ಬಿದ್ದ ಪ್ರಾಣಿ ತೇಗುವುದಿಲ್ಲ.

ಹೀಗಾಗಿ ಮೂರು ಅಪಾಯ ಒಟ್ಟಿಗೇ ಬರುತ್ತವೆ. ಗಾಳಿ ತುಂಬಿ ಹೊಟ್ಟೆ ಉಬ್ಬಿದರೆ ಪುಪ್ಪುಸ ಒತ್ತಿಹೋಗಿ ಉಸಿರು ಕಷ್ಟವಾಗುತ್ತದೆ. ಹೊಟ್ಟೆಯೊಳಗಿನ ನೀರು-ಮೇವು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಮೂರನೆಯದು ಜೊಲ್ಲು: ಆಕಳಿಗೆ ದಿನಕ್ಕೆ ನೂರು ಲೀಟರ್‌ನಷ್ಟು ಜೊಲ್ಲು ಬರುತ್ತದೆ, ನುಂಗಲಾಗದ ಹೊತ್ತಿನಲ್ಲಿ ಅದೂ ಶ್ವಾಸನಾಳದ ದಾರಿ ಹಿಡಿಯುತ್ತದೆ. ಮುಂದೆ ಹೇಳುವ ಉಪವಾಸ, ತಲೆ ಇಡುವ ರೀತಿ, ಎಬ್ಬಿಸಿ ಕೂಡಿಸುವ ರೀತಿ ಎಲ್ಲವೂ ಈ ಮೂರನ್ನು ತಡೆಯಲಿಕ್ಕೆ.

"ಜೊಲ್ಲು ನಿಲ್ಲಿಸೋ ಸೂಜಿ ಇಲ್ಲೇನ್ರಿ?" ಎಂದು ಕೇಳುತ್ತಾರೆ. ಅಟ್ರೋಪಿನ್ ಎಂಬ ಔಷಧಿ ಇದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಅದು ಜೊಲ್ಲನ್ನು ನಿಲ್ಲಿಸುವ ಬದಲು ಗಟ್ಟಿ ಮಾಡುತ್ತದೆ, ಹೊಟ್ಟೆಯ ಚಲನೆ ಕಡಿಮೆ ಮಾಡಿ ಉಬ್ಬರಕ್ಕೆ ದಾರಿ ಮಾಡುತ್ತದೆ. ಡಾಕ್ಟರು ಅದನ್ನು ಬಳಸದಿದ್ದರೆ ಮರೆತರೆಂದು ತಿಳಿಯಬೇಡಿ.

ಯಾವ ಸೂಜಿ ಏನು ಮಾಡುತ್ತದೆ

ಹೆಸರುಗಳು ಗೊತ್ತಿದ್ದರೆ ಡಾಕ್ಟರ ಮಾತು ಸರಿಯಾಗಿ ತಿಳಿಯುತ್ತದೆ.

ಲಿಗ್ನೊಕೇನ್: ಮರಗಟ್ಟಿಸುವ ಸೂಜಿ. ಹಾಕಿದ ಜಾಗಕ್ಕೆ ಮಾತ್ರ ನೋವು ತಿಳಿಯುವುದಿಲ್ಲ, ಪ್ರಾಣಿ ಎಚ್ಚರವಾಗಿಯೇ ಇರುತ್ತದೆ. ಐದರಿಂದ ಹತ್ತು ನಿಮಿಷಕ್ಕೆ ಹಿಡಿದು, ಒಂದರಿಂದ ಒಂದೂವರೆ ಗಂಟೆ ಇರುತ್ತದೆ. ಬುಪಿವಕೇನ್ ಇದೇ ಜಾತಿಯದು. ಹೆಚ್ಚು ಹೊತ್ತು ಇರುತ್ತದೆ, ಪ್ರಮಾಣ ತಪ್ಪಿದರೆ ಹೃದಯಕ್ಕೆ ಹೆಚ್ಚು ಅಪಾಯ.

ಝೈಲಜೀನ್: ಮಂಪರಿನ ಸೂಜಿ. ಪ್ರಾಣಿ ತಲೆ ಜೋಲು ಹಾಕಿ, ಜೊಲ್ಲು ಸುರಿಸುತ್ತ ಮಲಗುತ್ತದೆ. ಸ್ವಲ್ಪ ನೋವನ್ನೂ ತಗ್ಗಿಸುತ್ತದೆ. ನಮ್ಮ ಕಡೆ "ನಿದ್ದಿ ಸೂಜಿ" ಎಂದರೆ ಸಾಮಾನ್ಯವಾಗಿ ಇದೇ.

ಕೆಟಮಿನ್: ಪೂರ್ತಿ ಅರಿವು ತಪ್ಪಿಸುವ ಔಷಧಿ. ಇದರಲ್ಲಿ ಕಣ್ಣು ತೆರೆದೇ ಇರುತ್ತದೆ. ಒಂಟಿಯಾಗಿ ಕೊಟ್ಟರೆ ಮೈ ಸೆಟೆಯುವುದರಿಂದ ಝೈಲಜೀನ್ ಅಥವಾ ಡಯಾಜೆಪಾಮ್ ಜೊತೆ ಕೊಡುತ್ತಾರೆ.

ಥಯೋಪೆಂಟೋನ್, ಪ್ರೊಪೋಫಾಲ್: ರಕ್ತನಾಳಕ್ಕೆ ಮಾತ್ರ ಕೊಡುವಂಥವು, ದೊಡ್ಡ ಆಸ್ಪತ್ರೆಗಳಲ್ಲಿ ಬಳಸುವಂಥವು. ಥಯೋಪೆಂಟೋನ್ ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಸತ್ತು ಕಳಚುತ್ತದೆ.

ಯೋಹಿಂಬಿನ್: ಝೈಲಜೀನ್‌ನ ಮಂಪರು ಇಳಿಸುವ ಮರುಮದ್ದು. ಇದು ಡಾಕ್ಟರ ಪೆಟ್ಟಿಗೆಯಲ್ಲಿ ಇದೆಯೇ ಎಂದು ಸೂಜಿಗೆ ಮೊದಲೇ ಕೇಳಲು ಸಂಕೋಚಪಡಬೇಡಿ.

ಹಂತ 1: ನಿದ್ದೆ ಬೇಕೇ, ಮರಗಟ್ಟಿಸಿದರೆ ಸಾಕೇ?

ನನ್ನ ಖಚಿತ ಅಭಿಪ್ರಾಯ: ಮರಗಟ್ಟಿಸಿ ಮಾಡಬಹುದಾದ ಕೆಲಸಕ್ಕೆ ನಿದ್ದೆ ಕೇಳಬೇಡಿ. "ಒದರಾಡ್ತದ, ಪೂರಾ ಮಲಗಿಸಿಬಿಡ್ರಿ" ಎಂದು ಒತ್ತಾಯ ಮಾಡುವವರು ಬಹಳ. ಮೇಲೆ ಹೇಳಿದ ಮೂರು ಅಪಾಯಗಳಲ್ಲಿ ಒಂದೂ ಎಚ್ಚರವಾಗಿ ನಿಂತ ಪ್ರಾಣಿಗೆ ಅಷ್ಟಾಗಿ ತಟ್ಟುವುದಿಲ್ಲ.

ಆಕಳ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆಯುವುದನ್ನು, ಸಿಸೇರಿಯನ್ನನ್ನು ಕೂಡ ಪಕ್ಕೆಗೆ ಸಾಲಾಗಿ ಮರಗಟ್ಟಿಸುವ ಸೂಜಿ ಹಾಕಿ, ನಿಂತ ಆಕಳಲ್ಲೇ ಮಾಡುತ್ತಾರೆ. ಎತ್ತಿನ ಕೋಡಿಗೆ ಕ್ಯಾನ್ಸರ್ ಆದಾಗ ಕಣ್ಣಿನ ಮೂಲೆಗೂ ಕೋಡಿನ ಬುಡಕ್ಕೂ ನಡುವೆ ಹಾದುಹೋಗುವ ನರವನ್ನು ಮರಗಟ್ಟಿಸಿ ಕೋಡು ತೆಗೆಯುತ್ತಾರೆ. ಹೆರಿಗೆ ಕಷ್ಟವಾದಾಗ, ಗರ್ಭಕೋಶ ಹೊರಬಿದ್ದಾಗ ಬಾಲದ ಬುಡದ ಸಂದಿನಲ್ಲಿ ಒಂದು ಸೂಜಿ ಹಾಕುತ್ತಾರೆ. ದೊಡ್ಡ ಆಕಳಿಗೂ ಐದಾರು ಎಂಎಲ್ ಸಾಕು, ತಿಣುಕುವುದು ನಿಲ್ಲುತ್ತದೆ, ಆಕಳು ನಿಂತೇ ಇರುತ್ತದೆ. ಅಲ್ಲಿ "ಇನ್ನೊಂಚೂರು ಹಾಕ್ರಿ" ಎಂದರೆ ಹಿಂಗಾಲು ಸೋತು ಬೀಳುತ್ತದೆ.

ಹೋತದ ಬೀಜ ಒಡೆಯಲು ಬರ್ಡಿಝೋ ಇಕ್ಕಳ ಬಳಸಿದರೂ ಚಾಕು ಬಳಸಿದರೂ ಬೀಜದ ನಾಳಕ್ಕೆ ಮರಗಟ್ಟಿಸುವ ಸೂಜಿ ಹಾಕಿಸಿ. "ಒಂದ್ ನಿಮಿಷದ ಕೆಲಸ, ಸೂಜಿ ಯಾಕ?" ಎನ್ನುವವರಿದ್ದಾರೆ. ಆ ಒಂದು ನಿಮಿಷದ ನೋವು ಭೀಕರವಾದದ್ದು, ಅದನ್ನು ತಡೆಯುವ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ.

ಪೂರ್ತಿ ಮಲಗಿಸಲೇಬೇಕಾದ ದೊಡ್ಡ ಆಪರೇಷನ್ ಇದ್ದರೆ ಊರಿನ ದನದ ಕೊಟ್ಟಿಗೆ ಅದಕ್ಕೆ ತಕ್ಕ ಜಾಗವಲ್ಲ. ತಾಲೂಕು ಪಶು ಆಸ್ಪತ್ರೆಗೆ ಅಥವಾ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುವ ವಿಚಾರವನ್ನು ಡಾಕ್ಟರೊಂದಿಗೆ ಮಾತಾಡಿ.

ಹಂತ 2: ತೂಕ

ಎಲ್ಲಕ್ಕಿಂತ ಹೆಚ್ಚು ಪ್ರಾಣ ತೆಗೆಯುವುದು ಅಂದಾಜಿನ ತೂಕ. ಈ ಹಂತ ಸ್ವಲ್ಪ ಉದ್ದವಿದೆ, ತಾಳ್ಮೆಯಿಂದ ಓದಿ.

ಝೈಲಜೀನ್ ವಿಷಯದಲ್ಲಿ ಮೆಲುಕು ಹಾಕುವ ಪ್ರಾಣಿಗಳು ಬಹಳ ಸೂಕ್ಷ್ಮ. ಕುದುರೆಗೆ ಬೇಕಾದ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗ ಇವಕ್ಕೆ ಸಾಕು. ಇವುಗಳಲ್ಲೇ ಆಡು ಅತಿ ಸೂಕ್ಷ್ಮ. ಕುದುರೆಗೆ, ನಾಯಿಗೆ ಎಂದು ಎಲ್ಲೋ ಓದಿದ ಲೆಕ್ಕವನ್ನು ಆಡಿಗೆ ತಂದರೆ ಅದು ಏಳುವುದಿಲ್ಲ.

ಲೆಕ್ಕ ನೋಡಿ. ಆಡಿಗೆ ಝೈಲಜೀನ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.05 ಮಿಲಿಗ್ರಾಂ. ನಮ್ಮಲ್ಲಿ ಸಿಗುವ ಸೀಸೆಯಲ್ಲಿ ಒಂದು ಎಂಎಲ್‌ಗೆ ಸಾಮಾನ್ಯವಾಗಿ 20 ಮಿಲಿಗ್ರಾಂ ಇರುತ್ತದೆ. 31 ಕಿಲೋ ಆಡಿಗೆ ಬೇಕಾದದ್ದು ಸುಮಾರು ಒಂದೂವರೆ ಮಿಲಿಗ್ರಾಂ, ಅಂದರೆ 0.08 ಎಂಎಲ್. ಎರಡು ಹನಿಗೂ ಕಡಿಮೆ! ಅದೇ ಆಡಿಗೆ "ಒಂದ್ ಎಂಎಲ್" ಹೋದರೆ ಹದಿಮೂರು ಪಟ್ಟು ಹೆಚ್ಚಾಯಿತು. 5 ಎಂಎಲ್ ಸಿರಿಂಜಿನಲ್ಲಿ 0.08 ಅಳೆಯಲು ಬರುವುದೇ ಇಲ್ಲ. ಬಲ್ಲ ಡಾಕ್ಟರು ಇನ್ಸುಲಿನ್ ಸಿರಿಂಜ್ ತೆಗೆಯುತ್ತಾರೆ ಅಥವಾ ಔಷಧಿಯನ್ನು ತೆಳು ಮಾಡಿಕೊಳ್ಳುತ್ತಾರೆ. "ಇಷ್ಟು ದೊಡ್ಡ ಹೋತಕ್ಕ ಇಷ್ಟೇ ಹನಿ ಏನ್ರಿ?" ಎಂದು ಅವರ ಮೇಲೆ ಒತ್ತಡ ಹಾಕಬೇಡಿ. ಇದಕ್ಕಿಂತ ಐದು ಪಟ್ಟು ಗಟ್ಟಿಯಾದ, ಎಂಎಲ್‌ಗೆ 100 ಮಿಲಿಗ್ರಾಂ ಇರುವ ಸೀಸೆಗಳೂ ಇವೆ. ಆ ಕಾರಣಕ್ಕೆ ಎಂಎಲ್ ಲೆಕ್ಕವನ್ನು ಒಬ್ಬರಿಂದೊಬ್ಬರು ಕೇಳಿ ಹೇಳುವುದೇ ತಪ್ಪು.

ಲಿಗ್ನೊಕೇನ್‌ಗೂ ಮಿತಿ ಇದೆ. "ಮರಗಟ್ಟಿಸೋದು ತಾನೇ, ಎಷ್ಟು ಹಾಕಿದ್ರೂ ಆಗ್ತದ" ಎಂಬ ನಂಬಿಕೆಯಿಂದ ಮರಿಗಳು ಸಾಯುತ್ತವೆ. ಆಡಿಗೆ ಒಟ್ಟು ಸೇರಿ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುವುದು ಕ್ಷೇಮ. ಮಾಮೂಲಿ 2 ಪರ್ಸೆಂಟ್ ಔಷಧಿಯ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಇದೆ. 31 ಕಿಲೋ ಆಡಿಗೆ ಏಳೂವರೆ ಎಂಎಲ್‌ವರೆಗೆ ಹೋಗಬಹುದು. ನಾಲ್ಕು ಕಿಲೋ ಮರಿಗೆ ಎಲ್ಲ ಕಡೆ ಸೇರಿ ಒಂದೇ ಎಂಎಲ್.

ತೂಕದ ಕಾಟಾ ಇದ್ದರೆ ಅದೇ ಉತ್ತಮ. ಮರಿಯಾದರೆ ನೀವು ಅದನ್ನು ಎತ್ತಿಕೊಂಡು ಕಾಟಾದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಕಾಟಾ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯ ತುದಿಯಿಂದ ಕುಂಡಿಯ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಕಿಲೋ. ಸುತ್ತಳತೆ 28, ಉದ್ದ 26 ಇದ್ದರೆ 28×28×26 = 20,384, ಭಾಗಿಸಿದರೆ ಸುಮಾರು 31 ಕಿಲೋ. ದನಕ್ಕೂ ಇದೇ ಲೆಕ್ಕ ನಡೆಯುತ್ತದೆ. ಗಬ್ಬದ ಆಡಿಗೆ ಮಾತ್ರ ಉಪಯೋಗಕ್ಕೆ ಬರುವುದಿಲ್ಲ. ಒಸ್ಮಾನಾಬಾದಿ, ಬಿದ್ರಿ ಆಡುಗಳು ಎತ್ತರಕ್ಕೆ ದೊಡ್ಡದಾಗಿ ಕಂಡರೂ ಬೇಸಿಗೆಯಲ್ಲಿ ಬಡಕಲಾಗಿರುತ್ತವೆ. ಹಬ್ಬದ ಹೊತ್ತಿನ ತೂಕವನ್ನು ನೆನಪಿಟ್ಟು ಮೇ ತಿಂಗಳಲ್ಲಿ ಹೇಳಬೇಡಿ.

ಹಂತ 3: ಡಾಕ್ಟರು ಕೇಳದಿದ್ದರೂ ಹೇಳಬೇಕಾದದ್ದು

ಗಬ್ಬ ಇದ್ದರೆ ಎಷ್ಟು ತಿಂಗಳು ಎಂದು ಹೇಳಿ. ಆಡಿನ ಗಬ್ಬ ಸುಮಾರು 150 ದಿನ. ಕೊನೆಯ ದಿನಗಳಲ್ಲಿ ಝೈಲಜೀನ್ ಗರ್ಭಕೋಶವನ್ನು ಹಿಂಡಿಸಿ ಕಂದು ಹಾಕಿಸಬಹುದು. ಆಕಳಲ್ಲೂ ಹಾಗೆಯೇ.

ಹೋತ ಉಚ್ಚೆಗೆ ತಿಣುಕುತ್ತಿದ್ದರೆ, ಹನಿ ಹನಿಯಾಗಿ ಹೋಗುತ್ತಿದ್ದರೆ ಮರೆಯದೆ ಹೇಳಿ. ಹಬ್ಬಕ್ಕೆಂದು ಕಾಳು, ಹಿಂಡಿ ಹೆಚ್ಚು ತಿನ್ನಿಸಿದ, ಬೀಜ ಒಡೆಸಿದ ಹೋತಗಳಲ್ಲಿ ಮೂತ್ರನಾಳಕ್ಕೆ ಕಲ್ಲು ಸಿಕ್ಕುವುದು ಸಾಮಾನ್ಯ. ಝೈಲಜೀನ್ ಉಚ್ಚೆಯ ಪ್ರಮಾಣ ಹೆಚ್ಚಿಸುತ್ತದೆ. ದಾರಿ ಕಟ್ಟಿದ್ದಾಗ ಅದು ಮೂತ್ರಚೀಲ ಒಡೆಯುವುದಕ್ಕೆ ಕಾರಣವಾಗಬಹುದು.

ಕೆಮ್ಮು, ನೆಗಡಿ, ಜ್ವರ ಇದ್ದರೆ ಹೇಳಿ. ಕುರಿಗಳಲ್ಲಿ ಝೈಲಜೀನ್‌ನಿಂದ ಪುಪ್ಪುಸದಲ್ಲಿ ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಕಡಿಮೆಯಾಗುವುದುಂಟು. ಈಗಾಗಲೇ ಪುಪ್ಪುಸ ಕೆಟ್ಟ ಕುರಿಗೆ ಅದು ತಡೆಯಲಾಗದು. ತುರ್ತಿಲ್ಲದ ಕೆಲಸವಾದರೆ ಗುಣವಾಗುವವರೆಗೆ ಮುಂದೂಡಿ. ಹಿಂದೆ ಇಂಥ ಸೂಜಿ ಮಾಡಿಸಿದಾಗ ಏಳಲು ತಡವಾಗಿದ್ದರೆ ಅದನ್ನೂ ತಿಳಿಸಿ.

ಹಂತ 4: ಉಪವಾಸ

ದೊಡ್ಡ ಆಡು, ಕುರಿ: ಮೇವು 12ರಿಂದ 18 ಗಂಟೆ ಮೊದಲು ನಿಲ್ಲಿಸಿ, ನೀರು ಸುಮಾರು 8 ಗಂಟೆ ಮೊದಲು. ಮುಂಜಾನೆ ಆಪರೇಷನ್ ಇದ್ದರೆ ಹಿಂದಿನ ಮಧ್ಯಾಹ್ನಕ್ಕೆ ಮೇವು, ಮಲಗುವ ಹೊತ್ತಿಗೆ ನೀರು ಬಂದ್ ಎಂದಿಟ್ಟುಕೊಳ್ಳಿ.

ದೊಡ್ಡ ದನ, ಎಮ್ಮೆ: ಮಲಗಿಸುವುದಿದ್ದರೆ ಮೇವು 24 ಗಂಟೆ ಅಥವಾ ಡಾಕ್ಟರು ಹೇಳಿದಷ್ಟು, ನೀರು 12 ಗಂಟೆ.

ಹಾಲು ಕುಡಿಯುವ ಮರಿ, ಕರು: ಇವಕ್ಕೆ ಉಪವಾಸ ಬೇಡ. ಒಂದೆರಡು ಗಂಟೆ ಹಾಲು ತಪ್ಪಿಸಿದರೆ ಸಾಕು. ಇಡೀ ರಾತ್ರಿ ತಾಯಿಯಿಂದ ಬಿಡಿಸಿ ಕಟ್ಟಿದರೆ ರಕ್ತದ ಸಕ್ಕರೆ ಇಳಿದು ಸೂಜಿಗೂ ಮೊದಲೇ ಮರಿ ಸೋತಿರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಮೇವು ಹಾಕುವುದಿಲ್ಲ, ಆದರೆ ಆಡನ್ನು ಕಟ್ಟುವುದೂ ಇಲ್ಲ. ಅದು ಬೇಲಿಯ ಜಾಲಿ ಕಾಯಿ ತಿನ್ನುತ್ತದೆ, ಪಕ್ಕದವರ ಕಣಿಕೆ ಬಣವೆಗೆ ಬಾಯಿ ಹಾಕುತ್ತದೆ, ಮನೆಯ ಮಕ್ಕಳು ಪಾಪ ಎಂದು ರೊಟ್ಟಿ ತಿನ್ನಿಸುತ್ತಾರೆ. ಬಾಯಿಗೆ ಕುಕ್ಕೆ ಕಟ್ಟಿ ಅಥವಾ ಖಾಲಿ ಕೋಣೆಯಲ್ಲಿ ಕೂಡಿ ಹಾಕಿ, ಮನೆಯವರಿಗೆಲ್ಲ ಹೇಳಿ. ತೊಗರಿ ಹೊಟ್ಟು, ಜೋಳ ತಿಂದ ಆಡಾದರೆ ಗಾಳಿ ಇನ್ನೂ ಹೆಚ್ಚು. ಏನಾದರೂ ತಿಂದುಬಿಟ್ಟಿದ್ದರೆ ಮುಚ್ಚಿಡಬೇಡಿ, ದಿನ ಬದಲಿಸಿಕೊಳ್ಳಿ.

ಉಪವಾಸದಿಂದ ಈ ಹೊಟ್ಟೆ ಪೂರ್ತಿ ಖಾಲಿಯಾಗುವುದಿಲ್ಲ, ಗಾಳಿ ಮತ್ತು ನೀರು ಕಡಿಮೆಯಾಗುತ್ತವೆ ಅಷ್ಟೇ. ಕಷ್ಟದ ಹೆರಿಗೆಯಂಥ ತುರ್ತಿನಲ್ಲಿ ಉಪವಾಸಕ್ಕೆ ಕಾಯಲಾಗುವುದಿಲ್ಲ. ಆಗ ಹೊಟ್ಟೆ ತುಂಬಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.

ಹಂತ 5: ಹೊತ್ತು ಮತ್ತು ಜಾಗ

ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಪರಿನಲ್ಲಿರುವ ಪ್ರಾಣಿ ತನ್ನ ಮೈಕಾವನ್ನು ತಾನು ಕಾಯ್ದುಕೊಳ್ಳಲಾರದು. ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನ ಕೆಲಸ ಮುಗಿಯಬೇಕು. ತಗಡಿನ ಶೆಡ್ಡಿಗಿಂತ ಬೇವಿನ ಮರದ ನೆರಳು ಮೇಲು. ಚಳಿಗಾಲದಲ್ಲಿ ಮರಿಗಳಿಗೆ ಇದರ ಉಲ್ಟಾ: ತಣ್ಣನೆ ಫರಸಿ ಕಲ್ಲಿನ ಮೇಲೆ ಮಲಗಿಸಿದರೆ ಮೈ ಆರಿಹೋಗುತ್ತದೆ, ಕೆಳಗೆ ಕಂಬಳಿ ಇರಲಿ.

ಸಿದ್ಧ ಇಟ್ಟುಕೊಳ್ಳಿ: ಎರಡು ಗೋಣಿಚೀಲ, ಸ್ವಚ್ಛ ಬಟ್ಟೆ, ಬಕೆಟ್ ನೀರು, ಕೈಗಡಿಯಾರ, ಥರ್ಮಾಮೀಟರ್, ಹಿಡಿಯಲು ಗಟ್ಟಿಮುಟ್ಟಾದ ಇಬ್ಬರು. ನೋಡಲು ಬಂದ ಜನರನ್ನೂ ನಾಯಿಗಳನ್ನೂ ದೂರ ಕಳಿಸಿ.

ಹಂತ 6: ಸೂಜಿಯಾದ ಮೇಲಿನ ಮೊದಲ ಹದಿನೈದು ನಿಮಿಷ

ಮಾಂಸಖಂಡಕ್ಕೆ ಹಾಕಿದ ಝೈಲಜೀನ್ ಹಿಡಿಯಲು ಹತ್ತರಿಂದ ಹದಿನೈದು ನಿಮಿಷ ಬೇಕು. ಈ ಹೊತ್ತಿನಲ್ಲಿ ಪ್ರಾಣಿಗೆ ಶಾಂತಿ ಬೇಕು. ಜಗ್ಗಾಡಿದರೆ, ಗದ್ದಲ ಮಾಡಿದರೆ ಹೆದರಿದ ಪ್ರಾಣಿಗೆ ಮಂಪರು ಸರಿಯಾಗಿ ಏರುವುದಿಲ್ಲ. ಆಗ "ಸೂಜಿ ಹತ್ತಿಲ್ಲ, ಇನ್ನೊಂದು ಹಾಕ್ರಿ" ಎಂಬ ಕೂಗು ಏಳುತ್ತದೆ. ಎರಡನೆಯದು ಬೀಳುತ್ತದೆ, ಅಷ್ಟರಲ್ಲಿ ಮೊದಲನೆಯದೂ ಏರುತ್ತದೆ. ಉಸಿರು ನಿಲ್ಲುವುದು ಹೀಗೆ.

ಲಿಗ್ನೊಕೇನ್ ಹಾಕಿದ ಮೇಲೂ ಐದು-ಹತ್ತು ನಿಮಿಷ ಬಿಡಬೇಕು. ಚರ್ಮಕ್ಕೆ ಸೂಜಿಯ ಮೊನೆ ತಾಗಿಸಿದಾಗ ಪ್ರಾಣಿ ಬೆದರದಿದ್ದರೆ ಹಿಡಿದಿದೆ ಎಂದರ್ಥ.

ಈ ಔಷಧಿಗಳ ಸಿರಿಂಜು ಮುಚ್ಚಳವಿಲ್ಲದೆ ಎಲ್ಲೆಂದರಲ್ಲಿ ಬೀಳಬಾರದು, ಮಕ್ಕಳ ಕೈಗೆ ಸಿಗಬಾರದು. ಝೈಲಜೀನ್‌ಗೆ ಮನುಷ್ಯರಲ್ಲಿ ಬಳಸಲು ಅನುಮತಿ ಪಡೆದ ಮರುಮದ್ದು ಇಲ್ಲ. ಒದ್ದಾಟದಲ್ಲಿ ನಿಮಗೇ ಚುಚ್ಚಿದರೆ ತೊಳೆದುಕೊಂಡು ಕೂಡಲೇ ದವಾಖಾನೆಗೆ ಹೋಗಿ, ಔಷಧಿಯ ಹೆಸರು ಹೇಳಿ. ಗಾಡಿ ನೀವೇ ಓಡಿಸಬೇಡಿ.

ಹಂತ 7: ಮಲಗಿದ ಪ್ರಾಣಿಯ ಕಾವಲು

ಡಾಕ್ಟರ ಕಣ್ಣು ಗಾಯದ ಮೇಲಿರುತ್ತದೆ. ತಲೆಯ ಹತ್ತಿರ ಕೂರಬೇಕಾದವರು ನೀವು.

ಗೋಣಿಚೀಲ ಸುರುಳಿ ಸುತ್ತಿ ಕುತ್ತಿಗೆಯ ಕೆಳಗಿಡಿ. ಗಂಟಲು ಎತ್ತರ, ಮೂತಿ ಇಳಿಜಾರು. ಮನೆಯ ಮಾಳಿಗೆಯ ನೀರು ದೋಣಿಯಿಂದ ಹೊರಗೆ ಬೀಳುವಂತೆ ಜೊಲ್ಲು ತಾನಾಗಿ ಬಾಯಿಂದ ಹರಿದುಹೋಗಬೇಕು. ನಾಲಿಗೆ ಹೊರಗೆಳೆದು ಪಕ್ಕಕ್ಕೆ ಬಿಡಿ. ಜೊಲ್ಲು ಹರಿಯುತ್ತಿದ್ದರೆ ಗಾಬರಿ ಬೇಡ, ಹೊರಗೆ ಬಿದ್ದ ಜೊಲ್ಲಿನಿಂದ ಅಪಾಯವಿಲ್ಲ. ಮೇಲಿನ ಕಣ್ಣಿಗೆ ಬಟ್ಟೆ ಮುಚ್ಚಿ. ಕೆಟಮಿನ್‌ನಲ್ಲಿ ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ, ಧೂಳು ಕೂರುತ್ತದೆ.

ಹದಿನೈದು ಸೆಕೆಂಡು ಹೊಟ್ಟೆಯ ಏರಿಳಿತ ಎಣಿಸಿ ನಾಲ್ಕರಿಂದ ಗುಣಿಸಿ. ಆಡಿಗೆ ನಿಮಿಷಕ್ಕೆ 15ರಿಂದ 30 ಉಸಿರು ಸಹಜ, ಹತ್ತಕ್ಕಿಂತ ಕೆಳಗಿಳಿದರೆ ಹೇಳಿ. ವಸಡು ಗುಲಾಬಿಯಾಗಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಕರಿ ವಸಡಿನ ಆಡಾದರೆ ಕಣ್ಣಿನ ರೆಪ್ಪೆಯ ಒಳಗನ್ನು ನೋಡಿ. ಎಡಪಕ್ಕೆ ಡೊಳ್ಳಾಗುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಿರಿ. ಉಬ್ಬಿದರೆ ತಕ್ಷಣ ಕೂಗಿ ಹೇಳಿ: ಡಾಕ್ಟರು ನಳಿಗೆ ಹಾಕಿ ಗಾಳಿ ತೆಗೆಯುತ್ತಾರೆ ಅಥವಾ ಎದೆಯ ಮೇಲೆ ಕೂಡಿಸುತ್ತಾರೆ.

ದನ, ಎಮ್ಮೆ ಮಲಗಿದಾಗ ಇನ್ನೊಂದು ಅಪಾಯವಿದೆ. ಮುನ್ನೂರು-ನಾನ್ನೂರು ಕಿಲೋ ಭಾರ ಗಟ್ಟಿ ನೆಲದ ಮೇಲೆ ಬಿದ್ದು ಕೆಳಗಿನ ಮುಂಗಾಲಿನ ನರ ಜಜ್ಜಿಹೋಗುತ್ತದೆ. ಎದ್ದ ಮೇಲೆ ಕಾಲು ಊರಲು ಬರುವುದಿಲ್ಲ. ಆಪರೇಷನ್ ಕೆಡಿಸಿತು ಎಂದು ಜನ ತಿಳಿಯುತ್ತಾರೆ, ಕೆಡಿಸಿದ್ದು ನೆಲ. ಕೆಳಗೆ ದಪ್ಪಗೆ ಹುಲ್ಲು ಹಾಸಿ, ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಡಿ. ಮುಖದ ಹಗ್ಗದ ಗಂಟು ಕೆನ್ನೆಯ ಕೆಳಗೆ ಸಿಕ್ಕಿದ್ದರೆ ಬಿಚ್ಚಿ, ಇಲ್ಲವಾದರೆ ತುಟಿ ಜೋತುಬೀಳುತ್ತದೆ. ನಮ್ಮ ದೇವಣಿಯಂಥ ಹಿಣಿಲಿನ ದನಗಳಲ್ಲಿ ಝೈಲಜೀನ್ ಪ್ರಮಾಣದ ಬಗ್ಗೆ ಡಾಕ್ಟರು ಕೈ ಬಿಗಿ ಹಿಡಿದು ಕಡಿಮೆ ಹಾಕಿದರೆ ಅದೇ ಸರಿ.

ಮರಿಯ ಕೋಡು ಸುಡಿಸುವುದು: ಬೇರೆಯಾಗಿ ಹೇಳಲೇಬೇಕಾದ ಮಾತು

ಈ ಕೆಲಸದಲ್ಲಿ ಸಾಯುವ ಮರಿಗಳ ಬಗ್ಗೆ ಕೇಳುವವರು ಬಹಳ. ಹುಟ್ಟಿದ ಎರಡು ವಾರದೊಳಗೆ ಇದನ್ನು ಮಾಡಿಸುತ್ತಾರೆ. ಕರುವಿಗೆ ಪ್ರತಿ ಕೋಡಿಗೆ ಒಂದು ನರ ಮರಗಟ್ಟಿಸಿದರೆ ಸಾಕು. ಆಡಿನ ಮರಿಗೆ ಪ್ರತಿ ಕೋಡಿಗೂ ಎರಡು ನರ: ಒಂದು ಕಣ್ಣಿನ ಹಿಂಬದಿಯಲ್ಲಿ, ಇನ್ನೊಂದು ಕಣ್ಣಿನ ಒಳಮೂಲೆಯ ಮೇಲ್ಬದಿಯಲ್ಲಿ. ಒಟ್ಟು ನಾಲ್ಕು ಕಡೆ ಸೂಜಿ.

ನಾಲ್ಕು ಕಿಲೋ ಮರಿಗೆ ಒಟ್ಟು ಮಿತಿ ಒಂದು ಎಂಎಲ್ ಎಂದು ಮೇಲೆ ನೋಡಿದೆವು. ಕರುವಿನ ಅಭ್ಯಾಸದಲ್ಲಿ ಒಂದೊಂದು ಕಡೆ ಒಂದೊಂದು ಎಂಎಲ್ ಹಾಕಿದರೆ ನಾಲ್ಕು ಪಟ್ಟಾಯಿತು. ಮರಿ ಮೊದಲು ತೂಕಡಿಸುತ್ತದೆ, ಆಮೇಲೆ ಮೈ ಅದುರುತ್ತದೆ, ಸೆಟೆದು ಬೀಳುತ್ತದೆ, ಹೃದಯ ನಿಲ್ಲುತ್ತದೆ. ಸರಿಯಾದ ದಾರಿ: ಒಂದು ಎಂಎಲ್ ಔಷಧಿಗೆ ಅಷ್ಟೇ ಸೂಜಿಗೆ ಬಳಸುವ ಶುದ್ಧ ನೀರು ಬೆರೆಸಿ ಎರಡು ಎಂಎಲ್ ಮಾಡಿಕೊಂಡು, ಒಂದೊಂದು ಕಡೆ ಅರ್ಧ ಎಂಎಲ್ ಹಾಕುವುದು. ಡಾಕ್ಟರು ಹೀಗೆ ತೆಳು ಮಾಡುವುದನ್ನು ನೋಡಿ ನೀರು ಬೆರೆಸಿ ಮೋಸ ಮಾಡುತ್ತಾರೆ ಎಂದುಕೊಳ್ಳಬೇಡಿ.

ಕಾದ ಕಬ್ಬಿಣವನ್ನೂ ಹೆಚ್ಚು ಹೊತ್ತು ಒತ್ತಬಾರದು. ಮರಿಯ ತಲೆಬುರುಡೆ ತೆಳು, ಶಾಖ ಮಿದುಳಿಗೆ ಇಳಿಯುತ್ತದೆ. ಬೆಳೆದ ಆಡಿನ ಕೋಡು ತೆಗೆಸುವುದು ಇದಕ್ಕಿಂತ ಬಹಳ ದೊಡ್ಡ ಆಪರೇಷನ್. ಬರೀ ಅಂದಕ್ಕಾಗಿ ಅದನ್ನು ಮಾಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಂತ 8: ಏಳುವ ಹೊತ್ತು

ಡಾಕ್ಟರು ಕೈ ತೊಳೆದ ಕೂಡಲೇ ಎಲ್ಲ ಮುಗಿಯಿತೆಂದು ಮನೆಯವರು ಚಹಾಕ್ಕೆ ಎದ್ದುಹೋಗುತ್ತಾರೆ. ಆಡು ಸಾಯುವುದು ಹೆಚ್ಚಾಗಿ ಆಮೇಲಿನ ಒಂದು ಗಂಟೆಯಲ್ಲಿ.

ಪಕ್ಕಕ್ಕೆ ಮಲಗಿದ ಪ್ರಾಣಿಯನ್ನು ಹಾಗೇ ಬಿಡಬೇಡಿ. ಎದೆಯ ಮೇಲೆ ಕೂಡಿಸಿ, ಎರಡೂ ಬದಿಗೆ ಹುಲ್ಲಿನ ಚೀಲ ಒತ್ತಾಗಿಟ್ಟು ಆನಿಸಿ. ಮೆಲುಕು ಹಾಕುವಾಗ ಕೂರುವ ಭಂಗಿಯೇ ಬರಬೇಕು. ಆಗ ತೇಗು ಬರುತ್ತದೆ, ಗಾಳಿ ಹೋಗುತ್ತದೆ. ತಲೆ ತಾನಾಗಿ ಎತ್ತಿ ಹಿಡಿಯುವವರೆಗೆ ಒಬ್ಬರು ಹತ್ತಿರವೇ ಇರಿ.

ಎಚ್ಚರ ಬರಲೆಂದು ಬಾಯಿಗೆ ನೀರು, ಮಜ್ಜಿಗೆ, ಬೆಲ್ಲದ ನೀರು ಸುರಿಯಲೇಬೇಡಿ. ನುಂಗುವ ಶಕ್ತಿ ಬರುವ ಮೊದಲು ಸುರಿದದ್ದೆಲ್ಲ ಪುಪ್ಪುಸಕ್ಕೆ ಹೋಗುತ್ತದೆ. ನಾಲ್ಕೈದು ದಿನದ ಮೇಲೆ ನ್ಯುಮೋನಿಯಾದಿಂದ ಸತ್ತಾಗ ಯಾರಿಗೂ ಕಾರಣ ಹೊಳೆಯುವುದಿಲ್ಲ. ಬಾಲ ತಿರುಚಿ ಎಬ್ಬಿಸುವುದೂ ಬೇಡ. ತಾನಾಗಿ ಎದ್ದು ತೂರಾಡದೆ ನಿಂತ ಮೇಲೆ ಸ್ವಲ್ಪ ನೀರು, ಅದಾಗಿ ಒಂದೆರಡು ಗಂಟೆಗೆ ಒಂದು ಹಿಡಿ ಹಸಿಮೇವು. ಹಿಂಡಿ, ಕಾಳು ಮರುದಿನಕ್ಕೆ. ಮರಿಯನ್ನು ತಾಯಿಯ ಹತ್ತಿರ ಬಿಡುವ ಮೊದಲು ಬಾಯಿಗೆ ಬೆರಳಿಟ್ಟು ನೋಡಿ, ಗಟ್ಟಿಯಾಗಿ ಚೀಪಿದರೆ ಬಿಡಿ.

ಮರುಮದ್ದು ಕೊಟ್ಟಿದ್ದರೆ ಪ್ರಾಣಿ ಬೇಗ ಏಳುತ್ತದೆ, ಆದರೆ ಮರುಮದ್ದಿನ ಬಲ ಇಳಿದ ಮೇಲೆ ಮತ್ತೆ ಮಂಪರಾಗಬಹುದು. ಎದ್ದ ಕೂಡಲೇ ಟಂಟಂನಲ್ಲಿ ಹಾಕಿಕೊಂಡು ಊರಿಗೆ ಹೊರಡಬೇಡಿ. ಇಕ್ಕಟ್ಟಿನಲ್ಲಿ ಕುತ್ತಿಗೆ ಮಡಚಿಕೊಂಡು ಮಲಗಿದ ಆಡು ದಾರಿಯಲ್ಲೇ ಉಸಿರುಗಟ್ಟುತ್ತದೆ.

ವಸಡು ನೀಲಿ ಅಥವಾ ಬಿಳಿಯಾದರೆ, ಮೂಗಿನಲ್ಲಿ ನೊರೆ ಬಂದರೆ, ಮೂತಿಯಿಂದ ಹಸಿರು ನೀರು ಹರಿದು ಉಸಿರು ಗೊರಗೊರ ಎಂದರೆ, ಹೊಟ್ಟೆ ಬಿಗಿದರೆ, ಎರಡು ಗಂಟೆಯಾದರೂ ಏಳುವ ಪ್ರಯತ್ನ ಮಾಡದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ ಅದು. ಕಾಯುವಾಗ ಎದೆಯ ಮೇಲೆ ಕೂಡಿಸಿ, ಮೂತಿ ತಗ್ಗಿಸಿ ಇಟ್ಟಿರಿ.

ಹಂತ 9: ನೋವು, ಹಾಲು, ಮಾಂಸ

ಮಂಪರು ಇಳಿದ ಮೇಲೆ ನೋವು ಶುರುವಾಗುತ್ತದೆ. ಮೆಲಾಕ್ಸಿಕಮ್‌ನಂಥ ನೋವಿನ ಔಷಧಿಯನ್ನು ಡಾಕ್ಟರಿಂದ ಕೇಳಿ ಪಡೆಯಿರಿ. ಡೈಕ್ಲೊಫೆನಾಕ್ ಪ್ರಾಣಿಗಳಿಗೆ 2006ರಿಂದಲೂ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ 2023ರಿಂದಲೂ ನಿಷೇಧವಾಗಿವೆ. ಆ ಔಷಧಿ ಮೈಯಲ್ಲಿರುವ ಹೆಣ ತಿಂದ ರಣಹದ್ದುಗಳು ಸಾಯುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಮನುಷ್ಯರದ್ದು ಸಿಗುತ್ತದೆಂದು ತಂದು ಹಾಕಬೇಡಿ. ಬೀಜ ಒಡೆಸಿದರೂ ಕೋಡು ಸುಡಿಸಿದರೂ ಧನುರ್ವಾಯುವಿಗೆ ಟಿಟಿ ಸೂಜಿ ಕೇಳಿ. ಗಾಯಕ್ಕೆ ನೊಣ ಕೂತರೆ ಎರಡೇ ದಿನಕ್ಕೆ ಹುಳ ಬೀಳುತ್ತದೆ, ಮಳೆಗಾಲದಲ್ಲಿ ದಿನಕ್ಕೆರಡು ಸಲ ನೋಡಿ.

ಹಾಲು ಮತ್ತು ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಸೂಜಿಯ ನಂತರ ಅವನ್ನು ಬಳಸದೆ ಬಿಡಲು ಸಾಮಾನ್ಯವಾಗಿ ಸೂಚಿಸುವ ಕನಿಷ್ಠ ಅವಧಿ ಹೀಗಿದೆ: ಝೈಲಜೀನ್‌ಗೆ ಹಾಲು 24 ಗಂಟೆ, ಮಾಂಸ 4 ದಿನ. ಕೆಟಮಿನ್‌ಗೆ ಹಾಲು 48 ಗಂಟೆ, ಮಾಂಸ 3 ದಿನ. ಲಿಗ್ನೊಕೇನ್‌ಗೆ ಎರಡೂ ಒಂದು ದಿನ. ಜೊತೆಗೆ ಆಂಟಿಬಯೋಟಿಕ್, ನೋವಿನ ಔಷಧಿ ಕೊಟ್ಟಿದ್ದರೆ ಅವಧಿ ಇನ್ನೂ ಉದ್ದ, ಡಾಕ್ಟರು ಹೇಳಿದ್ದೇ ಲೆಕ್ಕ. ಬಕ್ರೀದಿಗೆ, ಜಾತ್ರೆಗೆ ಹೋತ ಮಾರುವವರು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಆಪರೇಷನ್ನಿನ ದಿನ ಗೊತ್ತು ಮಾಡಿ.

ಸೂಜಿಯಾದ ಆಡು ಸಾಯುವ ಹಾಗೆ ಕಂಡರೆ "ಹ್ಯಾಂಗೂ ಹೋಗ್ತದ" ಎಂದು ಕೊಯ್ದು ಹಂಚುವ ರೂಢಿ ಕೆಲವು ಕಡೆ ಇದೆ. ಅದು ಬೇಡ. ಆ ಮಾಂಸದಲ್ಲಿ ಔಷಧಿ ಪೂರ್ತಿ ಬಲದಲ್ಲೇ ಇರುತ್ತದೆ. ಮನುಷ್ಯರೂ ತಿನ್ನಬಾರದು, ನಾಯಿಗೂ ಹಾಕಬಾರದು. ಆಳವಾಗಿ ಗುಂಡಿ ತೋಡಿ ಹೂಳಿ.

ಡಾಕ್ಟರು ಹೊರಡುವ ಮುನ್ನ ಒಂದು ಚೀಟಿ ಬರೆಸಿಕೊಳ್ಳಿ: ದಿನಾಂಕ, ಪ್ರಾಣಿಯ ತೂಕ, ಯಾವ ಔಷಧಿ ಎಷ್ಟು ಮಿಲಿಗ್ರಾಂ, ಹಾಲು-ಮಾಂಸ ಯಾವಾಗಿನಿಂದ ಬಳಸಬಹುದು, ಹೊಲಿಗೆ ಯಾವ ದಿನ ಬಿಚ್ಚಬೇಕು. ಆಡು ಎಷ್ಟು ಹೊತ್ತಿಗೆ ಎದ್ದು ನಿಂತಿತು ಎಂಬುದನ್ನು ಅದರ ಕೆಳಗೆ ನೀವೇ ಬರೆದಿಡಿ. ಇನ್ನೊಮ್ಮೆ ಅದೇ ಆಡಿಗೆ ಸೂಜಿ ಮಾಡಬೇಕಾಗಿ ಬಂದಾಗ ಯಾವ ಡಾಕ್ಟರು ಬಂದರೂ ಮೊದಲು ಆ ಚೀಟಿ ತೋರಿಸಿ.